ಮನೆಗೊಂದಾಳು

ನನಗೆ ಮುಖಗಳು ನೆನಪಿರುವುದಿಲ್ಲ. ಮೇಷ್ಟ್ರಾದವನಿಗೆ ಇರಬಾರದ ದೋಷ ಅದು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ತಾಳವಾಡಿ ಸೀಮೆಯ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದೆ. ಸತ್ಯಮಂಗಲದಲ್ಲಿ ಬೆಳೆದವನು ನಾನು, ಮನೆಮಾತು ಕನ್ನಡ. ದಿಂಬಂ ಘಾಟಿ ಹತ್ತುವಷ್ಟರಲ್ಲಿ ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿಕೊಂಡು, ಇಂಥ ಕಾಡಿಗೆ ಹಾಕಿದರಲ್ಲ ಎಂದು ರೇಗಿದ್ದೆ. ಸೋಮವಾರ ಬೆಳಿಗ್ಗೆ ಒಂಬತ್ತನೇ ಕ್ಲಾಸಿಗೆ ಕಾಲಿಟ್ಟಾಗಲೂ ಆ ಸಿಟ್ಟು ಇಳಿದಿರಲಿಲ್ಲ.

ಮಕ್ಕಳೆಲ್ಲ ಸುತ್ತಲಿನ ಹಳ್ಳಿಗಳಲ್ಲಿ ಎಂಟನೇ ಕ್ಲಾಸು ಮುಗಿಸಿ ಆ ವಾರವೇ ಬಂದು ಸೇರಿದವರು. ಯಾವ ಮೇಷ್ಟ್ರಿಗೂ ಅವರ ಗುರುತಿರಲಿಲ್ಲ. ಹುಡುಗಿಯರು ಆರೇ ಜನ. ಅವರಲ್ಲೊಬ್ಬಳು ತಿಗನಾರೆ ಕಡೆಯಿಂದ ನಡೆದು ಬರುತ್ತಿದ್ದಳು. ನೀಲಿ ಲಂಗ, ತುಸು ದೊಡ್ಡದಾದ ಬಿಳಿ ರವಿಕೆ. ಸೋಮವಾರ ಪಾಠವನ್ನು ತುಟಿ ಬಿಚ್ಚದೆ ಕೇಳಿದಳು. ಮಂಗಳವಾರ ಅದೇ ಪಾಠದ ಮೇಲೆ ಪ್ರಶ್ನೆ ಕೇಳಿದರೆ ಪಟಪಟನೆ ಉತ್ತರ ಹೇಳಿಬಿಟ್ಟಳು. ನನಗೆ ಭಾರಿ ಖುಷಿಯಾಯಿತು. ಪರವಾಗಿಲ್ಲ, ನಾನು ಹೇಳಿದ್ದು ಈ ಕಾಡಿನಲ್ಲೂ ಒಬ್ಬಳ ತಲೆಗೆ ಹೋಗಿದೆ ಎಂದುಕೊಂಡೆ.

ಬುಧವಾರ ಮತ್ತೆ ಕೇಳಿದೆ. ಹುಡುಗಿ ಮಿಕಮಿಕ ನೋಡುತ್ತ ನಿಂತಳು. ಹಿಂದಿನ ದಿನದ ಪಾಠದ ಒಂದಕ್ಷರವೂ ಬರಲಿಲ್ಲ. ಕೊಬ್ಬು ಇವಳಿಗೆ ಎನಿಸಿತು. ಅಂಗೈಗೆ ರೂಲುದೊಣ್ಣೆಯಲ್ಲಿ ಎರಡು ಬಾರಿಸಿದೆ. ಕೆಂಪಗೆ ಬರೆ ಎದ್ದಿತು. ಅವಳು ಅಳಲಿಲ್ಲ.

ಗುರುವಾರ ಮತ್ತೆ ಪಟಪಟನೆ ಉತ್ತರ. ನನಗೆ ರೇಗಿಹೋಯಿತು.

"ನಿನ್ನೆ ಪೆದ್ದಿ, ಇವತ್ತು ಪಂಡಿತೆ! ಏನು, ಆಟ ಆಡ್ತಿದ್ದೀಯಾ? ಎಲ್ಲಿ, ಕೈ ತೋರಿಸು."

ಕೈ ಚಾಚಿದಳು. ಬರೆಯ ಗುರುತೇ ಇಲ್ಲ.

"ಒಡ್ಸ್ಕಂಡೋಳು ಅಕ್ಕ ಸಾ," ಎಂದಳು. "ಅವ್ಳು ಒಂದಿನ, ನಾನು ಒಂದಿನ."

ಕ್ಲಾಸು ಗೊಳ್ಳೆಂದು ನಕ್ಕಿತು. ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ವಿಷಯ ಗೊತ್ತಿತ್ತು. ಒಂದೇ ಲಂಗ, ಒಂದೇ ರವಿಕೆ, ಹಾಜರಿಯಲ್ಲಿ ಒಂದೇ ಹೆಸರು, ಹುಡುಗಿಯರು ಇಬ್ಬರು. ವಯಸ್ಸಿನಲ್ಲಿ ಒಂದು ವರ್ಷದ ಅಂತರವಂತೆ, ಎಂಟನೇ ಕ್ಲಾಸನ್ನು ಒಟ್ಟಿಗೇ ಮುಗಿಸಿದವರಂತೆ.

ಶುಕ್ರವಾರ ಅವರ ಅಪ್ಪ ಇಬ್ಬರನ್ನೂ ಕರೆದುಕೊಂಡು ಹೆಡ್‌ಮೇಷ್ಟ್ರ ರೂಮಿಗೆ ಬಂದ. ಅವನ ಮುಖದಲ್ಲಿ ತಪ್ಪು ಮಾಡಿದ ಅಳುಕೇನೂ ಇರಲಿಲ್ಲ.

"ದನ ಕಾಯಾಕೆ, ಒಲದಲ್ಲಿ ಅಂದಿ ಓಡ್ಸಾಕೆ, ಎಲ್ಲಾದ್ಕೂ ನಮ್ಮೂರಲ್ಲಿ ಸರದಿ ಸಾ. ಮನೆಗೊಂದಾಳು. ಅಪ್ಪ ಬಂದ್ರೂ ಸೈ, ಮಗ ಬಂದ್ರೂ ಸೈ, ಯಾರೂ ಕೇಳಾಕಿಲ್ಲ. ಇಸ್ಕೂಲ್ಗೂ ಅಂಗೇ ಅಂದ್ಕಂಡೆ."

ಹೆಡ್‌ಮೇಷ್ಟ್ರು ಒಳ್ಳೆಯವರು, ಬೈಯಲಿಲ್ಲ. "ರಿಜಿಸ್ಟರಲ್ಲಿರೋದು ದೊಡ್ಡವಳ ಹೆಸ್ರು ಕಣಯ್ಯ. ಇಬ್ರೂ ಬರ್ತಾರೆ ಅಂದ್ರೆ ಇಬ್ರನ್ನೂ ಸೇರಿಸ್ಕೋತೀನಿ. ಇಲ್ಲಾ, ಯಾರಾದ್ರೂ ಒಬ್ಳೇ ದಿನಾ ಬರ್ಲಿ," ಎಂದರು.

"ಇಬ್ರನ್ನೂ ಕಳುಸ್ಬುಟ್ರೆ ದನ ಯಾರ್ ಸಾ ನೋಡೋರು?" ಎಂದ ಅವನು ನನ್ನ ಕಡೆ ತಿರುಗಿದ. "ಪಾಠ ಏಳೋರು ನೀವು. ಯಾರ್ನ ಕಳುಸ್ಲಿ, ನೀವೇ ಏಳಿ."

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಮಕ್ಕಳು ಎದುರಿಗೇ ನಿಂತಿದ್ದಾರೆ ಎಂಬ ಪರಿವೆಯೂ ಇರಲಿಲ್ಲ.

"ಚಿಕ್ಕವಳನ್ನ ಕಳಿಸಪ್ಪ. ದೊಡ್ಡವಳ ತಲೆಗೆ ಏನೂ ಹತ್ತಲ್ಲ."

ದೊಡ್ಡವಳು ನೆಲ ನೋಡಿದಳು. ಚಿಕ್ಕವಳು "ಸಾ, ಅದೂ..." ಎಂದು ಬಾಯಿ ತೆಗೆದಳು. "ಸುಮ್ಕಿರು ಕೂಸು, ದೊಡ್ಡೋರು ಮಾತಾಡ್ತಾವ್ರೆ," ಎಂದು ಅಪ್ಪ ಗದರಿದ. ಹೆಡ್‌ಮೇಷ್ಟ್ರು ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಬರೆದುಕೊಂಡರು. ಐದು ನಿಮಿಷದ ಕೆಲಸ.

ಮುಂದಿನ ಸೋಮವಾರದಿಂದ ಚಿಕ್ಕವಳು ದಿನಾ ಬಂದಳು. ಮಂಗಳವಾರ ಪ್ರಶ್ನೆ ಕೇಳಿದೆ, ಮೌನ. ಬುಧವಾರವೂ ಮೌನ. ಈ ಸಲ ದೊಣ್ಣೆ ತೆಗೆಯಲಿಲ್ಲ.

"ಹೋದ ವಾರ ಅಷ್ಟು ಚೆನ್ನಾಗಿ ಹೇಳಿದ್ಯಲ್ಲಮ್ಮ, ಈಗೇನಾಯ್ತು?"

"ಅಕ್ಕ ನಿಮ್ಮ ಪಾಠ ಕೇಳ್ಕಂಡು ಬಂದು ನಂಗೆ ಬುಡಿಸಿ ಬುಡಿಸಿ ಏಳ್ಕೊಡ್ತಿದ್ಲು ಸಾ. ನಾನು ಕೇಳ್ಕಂಡು ಮನೆಗೋದ್ರೆ ನಂಗೇ ಅರ್ತ ಆಗಾಕಿಲ್ಲ. ಅವ್ಳಿಗೇನು ಏಳ್ಲಿ? ಅದ್ಕೇ ಅವತ್ತು ಅವ್ಳಿಗೆ ಏಟು ಬಿತ್ತು."

ಅಂದೇ ಅವರ ಅಪ್ಪನಿಗೆ ಹೇಳಿಕಳಿಸಿದೆ, ಸಂಜೆ ಬಂದ. ದೊಡ್ಡವಳನ್ನೇ ಕಳಿಸಪ್ಪ, ತಪ್ಪು ನನ್ನದು ಎಂದೆ. ಅವನು ಟವಲಿನಿಂದ ಮುಖ ಒರೆಸಿಕೊಂಡ.

"ಅವ್ಳು ಬಾನುವಾರವೇ ಕೊಳ್ಳೇಗಾಲದ ಕಡೆ ಸೋದರತ್ತೆ ಮನೆಗೆ ಒಂಟೋದ್ಲು ಸಾ, ರೇಸ್ಮೆ ನೂಲು ತೆಗಿಯೋ ಕೆಲ್ಸಕ್ಕೆ. ಇಲ್ಲೇ ದನ ನೋಡ್ಕಂಡು ಇರು ಅಂದ್ರೂ ನಿಲ್ನಿಲ್ಲ, ಈಗ ದನದಿಂದೆ ನಾನೇ ಓಯ್ತಿವ್ನಿ. ಮೇಷ್ಟ್ರೇ ಏಳವ್ರಲ್ಲಪ್ಪ, ನನ್ ತಲೆಗೆ ಅತ್ತಾಕಿಲ್ಲ ಅಂತ, ಅಂದ್ಬುಟ್ಟು ಅವ್ಳೇ ಬಸ್ ಅತ್ತುದ್ಲು."