ಸೀಗೆಪುಡಿ ದೊಡ್ಡವ್ವನ ಬೆರಳು

ಅವಳ ಹತ್ತು ಬೆರಳುಗಳಲ್ಲಿ ಒಂದರಲ್ಲಾದರೂ ಉಗುರು ತುದಿ ದಾಟಿ ಬೆಳೆದದ್ದನ್ನು ನಾನು ನೋಡಿರಲಿಲ್ಲ. ಬ್ಲೇಡು ಹಿಡಿದು ಮಾಂಸಕ್ಕೆ ತಾಗುವಷ್ಟು ಒತ್ತಾಗಿ ಕತ್ತರಿಸಿಕೊಳ್ಳುತ್ತಿದ್ದಳು. ಬೆರಳ ತುದಿಗೆ ಸೀಗೆಪುಡಿಯ ಕಂದು ಬಣ್ಣ ಹತ್ತಿ, ಎಷ್ಟು ತಿಕ್ಕಿದರೂ ಹೋಗದೆ ನಿಂತುಬಿಟ್ಟಿತ್ತು. "ಇನ್ನೊಬ್ರ ತಲೆ ಮುಟ್ಟೋ ಕೈಗೆ ಉಗುರು ಇರಬಾರ್ದು ಕಣವ್ವ" ಅನ್ನುತ್ತಿದ್ದಳು.

ಪಾಂಡವಪುರದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಅವರ ಹಿಟ್ಟಿನ ಮಿಲ್ಲು. ರಾಗಿಗೊಂದು, ಖಾರದ ಪುಡಿಗೊಂದು, ಸೀಗೆಕಾಯಿಗೊಂದು, ಹೀಗೆ ಮೂರು ಮಿಷನ್ನು. ಮೊದಲೆರಡನ್ನು ಮಗ ನೋಡಿಕೊಳ್ಳುತ್ತಿದ್ದ. ಸೀಗೆಕಾಯಿಯದಕ್ಕೆ ಮಾತ್ರ ಅವಳು ಯಾರ ಕೈಯನ್ನೂ ಬಿಡುತ್ತಿರಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು, ಸೀಗೆ, ಅಂಟುವಾಳ, ಮೆಂತ್ಯ, ಒಣಗಿದ ಬೇವಿನೆಲೆ, ನಿಂಬೆ ಸಿಪ್ಪೆ ಎಲ್ಲ ಸುರಿದು ಬೀಸಿಕೊಡುತ್ತಿದ್ದಳು. ನಮಗೂ ಅವಳಿಗೂ ರಕ್ತಸಂಬಂಧವಿಲ್ಲ. ಬೀದಿಯ ಮಕ್ಕಳಿಗೆಲ್ಲ ಅವಳು ದೊಡ್ಡವ್ವ, ಗುರುತಿಗೆ ಸೀಗೆಪುಡಿ ದೊಡ್ಡವ್ವ.

ನನಗೆ ತಲೆ ಕಡಿತ ಶುರುವಾದದ್ದು ಐದನೇ ಕ್ಲಾಸಿನಲ್ಲಿ. ಹೇನಲ್ಲ, ಸೀರಲ್ಲ. ತಲೆಯ ಚರ್ಮ ಪಕ್ಕು ಕಟ್ಟಿ, ಕೆರೆದರೆ ಬಿಳಿ ಹೊಟ್ಟು ಉದುರಿ ಯೂನಿಫಾರ್ಮಿನ ಭುಜದ ಮೇಲೆ ಕೂರುತ್ತಿತ್ತು. ಇನ್ನೂ ಕೆರೆದರೆ ಉಗುರಲ್ಲಿ ರಕ್ತ. ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಒಂದು ದಿನ ಪುಸ್ತಕ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು. ಆಮೇಲೆ ವರ್ಷವೆಲ್ಲ ಆ ಜಾಗಕ್ಕೆ ಯಾರೂ ಬರಲಿಲ್ಲ. ಮನೆಗೆ ಬಂದ ಹೆಂಗಸರೆಲ್ಲ ಒಂದೊಂದು ಮದ್ದು ಹೇಳಿದರು. ಒಬ್ಬಳು ಹರಳೆಣ್ಣೆ ಅಂದಳು, ಇನ್ನೊಬ್ಬಳು ಸೀಮೆಎಣ್ಣೆ ಅಂದಳು. ಕಡೆಗೆ ಅವ್ವ ದೇವರಿಗೆ ಮುಡಿ ಕೊಡಿಸುತ್ತೇನೆಂದು ಹರಕೆ ಹೊತ್ತಳು. ನಾನು ಮೂಲೆಯಲ್ಲಿ ಕೂತು ಅಳುತ್ತಿದ್ದೆ. ರಾಗಿ ಹಿಟ್ಟು ಕೊಡಲು ಬಂದ ದೊಡ್ಡವ್ವ ನೋಡಿ ರೇಗಿದಳು.

"ಬೋಳ್ಸಿಬುಟ್ರೆ ಕೂದ್ಲು ಓಯ್ತದೆ. ಕಡ್ತ ಎಲ್ಲಿಗ್ ಓಯ್ತದಮ್ಮಿ? ತಲೆ ಇಲ್ಲೇ ಇರ್ತದಲ್ಲ!"

ಅವತ್ತಿನಿಂದ ವಾರಕ್ಕೆರಡು ದಿನ ನಾನು ಅವರ ಹಿತ್ತಿಲ ಕಲ್ಲಿನ ಮೇಲೆ. ಮಜ್ಜಿಗೆಯಲ್ಲಿ ನೆನೆಸಿದ ಮೆಂತ್ಯ ಅರೆದು ಬೈತಲೆ ಬೈತಲೆಗೂ ಹಚ್ಚುತ್ತಿದ್ದಳು. ಬೇವಿನ ಸೊಪ್ಪು ಕುದಿಸಿ, ಉಗುರುಬೆಚ್ಚಗಾದ ಮೇಲೆ ಆ ನೀರು ಹೊಯ್ಯುತ್ತಿದ್ದಳು. ಸುಡುನೀರು ತಂದರೆ ಬೈಗುಳ, ಪಕ್ಕು ಕಿತ್ತರೆ ಬೆನ್ನಿಗೊಂದು ಏಟು. ಅದಕ್ಕಿಂತ ದೊಡ್ಡ ಮದ್ದು ಅವಳ ಅಂಗೈಯಲ್ಲಿತ್ತು. "ಕಡ್ತ ಬಂದ್ರೆ ಕೆರ್ಕಬ್ಯಾಡ ಮಗ, ತಟ್ಟು. ಕೆರುದ್ರೆ ಅದುಕ್ಕೆ ರುಚಿ ಹತ್ಬುಡ್ತದೆ" ಅಂದು, ಮಂಡಿಗಳ ನಡುವೆ ನನ್ನ ತಲೆ ಹಿಡಿದು, ಕೂಸನ್ನು ಮಲಗಿಸುವ ಹಾಗೆ ಮೆಲ್ಲಗೆ ತಟ್ಟುತ್ತಿದ್ದಳು. ನಾನು ಅಲ್ಲೇ ನಿದ್ದೆ ಹೋಗುತ್ತಿದ್ದೆ.

ವಾಸಿಯಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಆಮೇಲೆ ಮೈಸೂರಿನ ಚರ್ಮದ ಡಾಕ್ಟರು ಅದಕ್ಕೆ ಸೋರಿಯಾಸಿಸ್ ಎಂದು ಹೆಸರಿಟ್ಟು, ಬರುತ್ತೆ ಹೋಗುತ್ತೆ, ಜೀವಮಾನವಿಡೀ ಜೊತೆಗಿರುತ್ತೆ ಅಂದರು. ಈ ಸಾಲು ಬರೆಯುವಾಗಲೂ ಕಿವಿಯ ಹಿಂದೆ ಚುರುಗುಟ್ಟುತ್ತಿದೆ. ಆದರೆ ಆ ಹೆಸರು ಗೊತ್ತಿಲ್ಲದ ಕಾಲದಲ್ಲಿ ನಾನು ನಿದ್ದೆ ಮಾಡಿದ್ದು, ಇಸ್ಕೂಲು ಬಿಡದೆ ಓದಿದ್ದು ಅವಳ ಕೈಯಿಂದ.

ಅವಳು ಎಂಥವಳೆಂದು ಹೇಳಲು ಒಂದು ಸಂಗತಿ ಸಾಕು. ಒಮ್ಮೆ ಅವಳು ತೊಣ್ಣೂರಿಗೆ ಹೋಗಿದ್ದಾಗ, ಕರೆಂಟು ಹೋಗುವ ಹೊತ್ತಾಯಿತೆಂದು ಮಗ ಯಾರದೋ ಸೀಗೆಕಾಯಿಯನ್ನು ಖಾರದ ಮಿಷನ್ನಿಗೇ ಸುರಿದು ಬೀಸಿಕೊಟ್ಟಿದ್ದ. ಮಾರನೆಯ ದಿನ ಆ ಮನೆಯವರು ನಾಲ್ಕು ಜನ, ತಲೆಗೆ ಬೆಂಕಿ ಬಿದ್ದವರ ಹಾಗೆ ಬೊಬ್ಬೆ ಹೊಡೆದರಂತೆ. ಮಗ, "ನಮ್ ಮಿಲ್ಲಿಂದಲ್ಲ ಅಂದ್ಬುಡವ್ವ, ಯಾರಿಗ್ ಗೊತ್ತಾಯ್ತದೆ" ಅಂದ. ಇವಳು ಒಂದು ಬಿಂದಿಗೆ ಮಜ್ಜಿಗೆ ಸೊಂಟಕ್ಕಿಟ್ಟುಕೊಂಡು, ನನ್ನನ್ನೂ ಎಳೆದುಕೊಂಡು ಅವರ ಮನೆಗೆ ನಡೆದಳು. ಅವರ ಬೈಗುಳವನ್ನೆಲ್ಲ ನಿಂತು ಕೇಳಿಸಿಕೊಂಡಳು. ಆಮೇಲೆ ನಾಲ್ಕು ತಲೆಗಳನ್ನೂ ಒಂದೊಂದಾಗಿ ಮಜ್ಜಿಗೆಯಲ್ಲಿ ತೊಳೆದಳು. ಬರುವಾಗ ನನಗೆ ಅಂದಳು, "ತೆಪ್ಪು ಮಾಡುದ್ಮ್ಯಾಲೆ ಓಗಿ ನಾನೇ ಅನ್ಬೇಕು ಕಣವ್ವ. ಅಂದ್ಬುಟ್ರೆ ಅರ್ಧ ಉರಿ ಅಲ್ಲೇ ಇಳೀತದೆ." ಹನ್ನೆರಡು ವರ್ಷದವಳಿದ್ದೆ. ಬಹಳ ಚೆನ್ನಾಗಿ ಅರ್ಥವಾಯಿತು ಎಂದುಕೊಂಡಿದ್ದೆ.

ನಾನು ಫಾರ್ಮಸಿ ಓದಿ ಬಸ್ ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕೆ ನಿಂತೆ. ಬಿಳಿ ಕೋಟು ಹಾಕಿಕೊಂಡ ನನ್ನನ್ನು ನೋಡಲೆಂದೇ ಅವಳು ಮಾತ್ರೆಯ ನೆಪ ಮಾಡಿಕೊಂಡು ಬರುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ದಿನ ನಗುತ್ತಾ ಬಂದಳು. "ನಂಗೂ ತಲೆ ಕಡ್ತ ಸುರುವಾಯ್ತು ನೋಡು. ನಿಂದೇ ಅಂಟ್ಕಂಡಿರ್ಬೇಕು, ಅಷ್ಟ್ ತಟ್ಟಿವ್ನಿ!" ನಾನೂ ನಕ್ಕೆ. ಬೈತಲೆ ಬಿಡಿಸಿ ನೋಡಿದೆ. ಹೊಟ್ಟಿಲ್ಲ, ಪಕ್ಕಿಲ್ಲ, ಚರ್ಮ ಅಚ್ಚುಕಟ್ಟಾಗಿತ್ತು. ಏನೂ ಇಲ್ಲದ ತಲೆ ಯಾಕೆ ಕಡಿಯುತ್ತದೆ ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ. ತಲೆಹೊಟ್ಟಿನ ಶಾಂಪೂ ಬಾಟಲಿ ಕೈಗಿಟ್ಟು ಕಳಿಸಿದೆ.

ಕಡಿತ ಬೆನ್ನಿಗಿಳಿಯಿತು, ಕಾಲಿಗಿಳಿಯಿತು. "ಉಷ್ಣ ಇರಬೇಕು ದೊಡ್ಡವ್ವ" ಅಂದೆ. ನಮ್ಮ ಕಡೆ ಮೈ ಕಡಿದರೆ ಉಷ್ಣ, ಉಷ್ಣಕ್ಕೆ ಎಳನೀರು. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಶಾಸ್ತ್ರ ಅದು. ಓದಿದವಳು ನಾನಾದರೂ ಬೇರೆ ಏನು ಹೇಳಿದೆ? ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಎಳನೀರು ಕೆತ್ತಿಸಿಕೊಂಡು ಹೋಗಿ, ಲೋಟಕ್ಕೆ ಬಗ್ಗಿಸಿ, ಅವಳು ಕುಡಿದು ಮುಗಿಸುವ ತನಕ ಎದುರಿಗೇ ನಿಲ್ಲುತ್ತಿದ್ದೆ. ಬಿಸಿಲು ಜಾಸ್ತಿಯಾದಾಗ ಎರಡು. ಎಷ್ಟು ವರ್ಷದ ಋಣ, ಅಷ್ಟಾದರೂ ತೀರಿಸುತ್ತಿದ್ದೇನೆಂದು ಒಳಗೊಳಗೇ ಹೆಮ್ಮೆ ಬೇರೆ, ಥೂ! ಅವಳ ಪಾದ ಊದಿ, ಮಗನ ಚಪ್ಪಲಿ ಮೆಟ್ಟಿಕೊಂಡು ಓಡಾಡುತ್ತಿದ್ದಳು. ಮುದ್ದೆ ಸೇರುತ್ತಿಲ್ಲ ಅನ್ನುತ್ತಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿತ್ತೇ? ನಾನು ಇನ್ನೊಂದು ಶಾಂಪೂ ಬದಲಾಯಿಸಿ ಕೊಟ್ಟೆ.

ಒಂದು ಮಧ್ಯಾಹ್ನ ಮಿಲ್ಲಿನಲ್ಲೇ ಕುಸಿದು ಬಿದ್ದಳು. ಮಂಡ್ಯದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಎರಡೂ ಕಿಡ್ನಿ ಹೋಗಿವೆ, ಕಡಿತವೂ ಅದರದೇ ಅಂದರು. ಮಗ ಸ್ಕ್ಯಾನಿಂಗಿಗೆ ಚೀಟಿ ಮಾಡಿಸಲು ಹೋಗಿದ್ದ. ಮಂಚದ ಹತ್ತಿರ ಇದ್ದವಳು ನಾನೊಬ್ಬಳೇ. ಡಾಕ್ಟರಮ್ಮ ರಿಪೋರ್ಟು ನೋಡುತ್ತಾ ಕೇಳಿದರು, "ಪೊಟ್ಯಾಸಿಯಂ ಇಷ್ಟೊಂದು ಏರಿದೆಯಲ್ಲ, ಹಾರ್ಟೇ ನಿಂತುಹೋಗಬಹುದಿತ್ತು. ಎಳನೀರೇನಾದ್ರೂ ಕುಡೀತಿದ್ರಾ ಅಜ್ಜಿ? ಯಾರು ಕುಡಿಸ್ತಿದ್ರು?"

ದೊಡ್ಡವ್ವ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ಇಲ್ಲ ತಾಯಿ. ನಂಗದು ಸೇರಾಕೇ ಇಲ್ಲ" ಅಂದಳು.

ನನ್ನ ಬಾಯಿಗೆ ಆಗ ಏನಾಗಿತ್ತೋ! ನಾನೇ ಅನ್ನುವ ಒಂದು ಮಾತು ಹೊರಡಲಿಲ್ಲ. ಆಮೇಲೆ ಹೊರಗೆ ಡಾಕ್ಟರಮ್ಮನ ಹಿಂದೆ ಓಡಿ, ಬೇರೆ ಯಾರದೋ ವಿಷಯವೆಂಬಂತೆ ಕೇಳಿದೆ. ಎಳನೀರಿನಿಂದ ಕಿಡ್ನಿ ಕೆಡುವುದಿಲ್ಲ, ಆದರೆ ಕೆಟ್ಟ ಮೇಲೆ ಅದರಲ್ಲಿರುವ ಪೊಟ್ಯಾಸಿಯಂ ವಿಷದ ಸಮ ಅಂದರು. ಕಡಿತ ಶುರುವಾದಾಗಲೇ ರಕ್ತ ಪರೀಕ್ಷೆ ಮಾಡಿಸಿದ್ದರೆ ಇನ್ನೂ ಕೆಲವು ವರ್ಷ ಡಯಾಲಿಸಿಸ್ಸಿಲ್ಲದೆ ನಡೆಯುತ್ತಿತ್ತೇನೋ ಅಂದರು. ಆ 'ಏನೋ' ಅನ್ನುವುದನ್ನು ಹಿಡಿದುಕೊಂಡು ಬದುಕಲು ನೋಡುತ್ತೇನೆ. ಆಗುವುದಿಲ್ಲ.

ನಾಲ್ಕು ತಿಂಗಳು, ವಾರಕ್ಕೆರಡು ಸಲ ಡಯಾಲಿಸಿಸ್. ರಕ್ತ ತೊಳೆದರೂ ತಲೆಯ ಕಡಿತ ಹೋಗಲಿಲ್ಲ. ಸೂಜಿ ಚುಚ್ಚಿದ ಕೈ ಎತ್ತುವಂತಿರಲಿಲ್ಲ. ಇನ್ನೊಂದು ಕೈಯಿಂದ ಕೆರೆದು ಕೆರೆದು ನೆತ್ತಿಯಲ್ಲಿ ಗಾಯ ಮಾಡಿಕೊಂಡಿದ್ದಳು. ಆಗ ಕಂಡೆ, ಅವಳ ಉಗುರುಗಳು ಬೆಳೆದಿದ್ದವು. ಕಂದು ಬಣ್ಣ ಹೋಗಿ ಬೆರಳ ತುದಿ ಬೆಳ್ಳಗಾಗಿತ್ತು. ನನ್ನ ಉಗುರು ಕತ್ತರಿಸಿಕೊಂಡು, ಅವಳದ್ದನ್ನೂ ಕತ್ತರಿಸಿ, ದಿಂಬಿನ ಪಕ್ಕ ಕೂತು ತಲೆ ತಟ್ಟಿದೆ. ಕಣ್ಣು ಮುಚ್ಚಿ ಮಲಗಿದ್ದಳು.

"ದೊಡ್ಡವ್ವ, ಆ ಎಳನೀರು..." ಅಂದೆ.

"ಸುಮ್ಕೆ ತಟ್ಟವ್ವ" ಅಂದಳು.

ಅದಾದ ಮೂರನೇ ದಿನ ಹೋಗಿಬಿಟ್ಟಳು.

ಹನ್ನೊಂದನೇ ದಿನದ ತಿಥಿಗೆ ಅವಳ ಫೋಟೋದ ಮುಂದೆ ಎಡೆ ಇಟ್ಟಿದ್ದರು. ಮುದ್ದೆ, ಸೊಪ್ಪಿನ ಸಾರು, ಕಡುಬು, ಎಲೆಅಡಿಕೆ. ಸೊಸೆ ಒಳಗಿನಿಂದ ಕೆತ್ತಿದ ಎಳನೀರು ತಂದು ನನ್ನ ಕೈಗೆ ಕೊಟ್ಟಳು. "ನೀನೇ ಇಡಕ್ಕ. ಅತ್ತೆಗೆ ನೀನು ತಂದ್ಕೊಡೋ ಎಳ್ನೀರು ಅಂದ್ರೆ ಪ್ರಾಣ. ಆಸ್ಪತ್ರೆ ಸೇರುದ್ಮ್ಯಾಲೆ ಒಂದ್ ತೊಟ್ಟೂ ಕೊಡ್ನಿಲ್ಲ ಪಾಪ, ಈಗಾದ್ರೂ ಕುಡೀಲಿ."

ಮಗ ಪಕ್ಕದಲ್ಲೇ ನಿಂತಿದ್ದ. ಬೀದಿಯ ಜನವೆಲ್ಲ ಅಲ್ಲಿತ್ತು. ಹೇಳುವುದಾದರೆ ಅದೇ ಹೊತ್ತು. ಮಜ್ಜಿಗೆಯ ಬಿಂದಿಗೆ ಹೊತ್ತು ನಡೆದವಳು ಫೋಟೋದಲ್ಲಿ ನನ್ನನ್ನೇ ನೋಡುತ್ತಿದ್ದಳು.

ನಾನು ಬಗ್ಗಿ, ಎಳನೀರನ್ನು ಎಡೆಯ ಪಕ್ಕದಲ್ಲಿಟ್ಟು, ಕೈಮುಗಿದು ಮನೆಗೆ ಬಂದೆ.