ಖಾಲಿ ಬಿಟ್ಟ ಹೆಸರು

"ಕಿಟಕಿ ಸ್ವಲ್ಪ ತಗೀರಿ, ಗಾಳಿ ಬರ್ಲಿ."

ಮಕ್ತಲ್‌ನಿಂದ ನಾರಾಯಣಪೇಟೆಗೆ ಹೊರಟ ಬಸ್ಸಿನಲ್ಲಿ ತೂಕಡಿಸುತ್ತಿದ್ದ ನನಗೆ ಆ ದನಿ ಹೆಡ್‌ಫೋನಿನೊಳಗಿಂದ ಬಂದಂತಾಯಿತು.

ವೈದ್ಯರು ರೆಕಾರ್ಡ್ ಮಾಡಿ ಕಳಿಸುವ ರೋಗಿಗಳ ವರದಿಯನ್ನು ಮನೆಯಲ್ಲಿ ಕೂತು ಹೆಡ್‌ಫೋನಿನಲ್ಲಿ ಕೇಳುತ್ತಾ ಟೈಪ್ ಮಾಡುವುದು ನನ್ನ ಕೆಲಸ. ಹೆಸರು, ಊರು ಕೇಳಿಸಿದರೆ ಆ ಜಾಗ ಖಾಲಿ ಬಿಡಬೇಕು. ಕೇಳಿದ್ದನ್ನು ಯಾರಿಗೂ ಹೇಳಬಾರದು. ಒಮ್ಮೆ ವೈದ್ಯರೊಬ್ಬರು ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದರು. ಕೊನೆಗೆ ಇದೇ ದನಿ ಕೇಳಿತ್ತು: "ಈ ಕೈಲೆ ಮತ್ತ ಸೀರಿ ನೇಯಾಕ ಆಗ್ತೈತೇನ್ರಿ?" ಉತ್ತರ ಬರುವ ಮೊದಲೇ ರೆಕಾರ್ಡಿಂಗ್ ಕಡಿದುಹೋಗಿ ನನಗೆ ಸಿಟ್ಟೇ ಬಂದಿತ್ತು.

ಕಿಟಕಿ ತೆಗೆದು ಪಕ್ಕಕ್ಕೆ ತಿರುಗಿದೆ. ನಡುವಯಸ್ಸಿನ ಹೆಂಗಸು. ವರದಿಯಲ್ಲಿ ಖಾಲಿ ಬಿಟ್ಟಿದ್ದ ಹೆಸರು ನಾಲಿಗೆಯ ತುದಿಗೆ ಬಂತು. ಕೈ ಹೇಗಿದೆ ಎಂದು ಕೇಳಿಯೇಬಿಡುತ್ತಿದ್ದೆ.

"ಹಂಗ್ಯಾಕ ನೋಡ್ತೀರಿ? ನನ್ನ ಗುರ್ತು ಐತೇನ್ರಿ?" ಎಂದರು.

"ಇಲ್ರಿ," ಎಂದೆ.

ಅವರು ನಕ್ಕು ಸೆರಗು ಸರಿಮಾಡಿಕೊಂಡರು. ಬಲಗೈ ಉಗುರಿಗೆ ಸಿಕ್ಕಿಕೊಂಡಿದ್ದ ಕೆಂಪು ರೇಷ್ಮೆಯ ಎಳೆಯೊಂದು ಗಾಳಿಗೆ ಅಲುಗುತ್ತಿತ್ತು.

ಈಗಲೂ ವರದಿಯಲ್ಲಿ ಹೆಸರಿನ ಜಾಗ ಖಾಲಿ ಬಿಡುವಾಗ, ಅಲ್ಲೊಂದು ಕೆಂಪು ಎಳೆ ಮೆಲ್ಲಗೆ ಅಲುಗಿದಂತಾಗುತ್ತದೆ.