ಹಚಾ ಎಂದರೆ ಬರುವ ನಾಯಿ

"ಅಕ್ಕಾರೆ, ನಿಮ್ ನಾಯಿ ನೀವೇ ಇಟ್ಕಳ್ರಿ. ಹೋಗು ಅಂದ್ರೆ ಬರ್ತತಿ!"

ಮೂರು ದಿನದ ಹಿಂದಷ್ಟೇ ನಾಯಿಯನ್ನು ಖುಷಿಯಿಂದ ಒಯ್ದಿದ್ದ ಅಂಜನಾಪುರದ ರೈತರೊಬ್ಬರು ಅದನ್ನು ನಮ್ಮ ಗೇಟಿನೊಳಗೆ ಬಿಟ್ಟು ಹೀಗೆಂದರು. ನಾಯಿಗೇನು ಗೊತ್ತು? ನನ್ನ ನೋಡಿದ್ದೇ ಬಾಲ ಅಲ್ಲಾಡಿಸಿತು.

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹೆಣ್ಣು ನಾಯಿ ಅದು. ಜೀಪೊಂದು ಹಿಂಗಾಲಿನ ಮೇಲೆ ಹತ್ತಿಳಿದಿತ್ತು. ಮನೆಗೆ ಎತ್ತಿ ತಂದೆ. ಎರಡು ತಿಂಗಳು ಮುಲಾಮು, ಬ್ಯಾಂಡೇಜು, ಹಾಲನ್ನ. ಕಾಲು ಉಳಿಯಿತು, ಕುಂಟೂ ಉಳಿಯಿತು. ನಮ್ಮದು ಬಾಡಿಗೆ ಮನೆ. ಮಾಲೀಕರು ಒಳ್ಳೆಯವರೇ (ಎರಡು ತಿಂಗಳು ಕಂಡೂ ಕಾಣದಂತಿದ್ದರು). ಆದರೆ ಮಗಳು ಬಾಣಂತನಕ್ಕೆ ಬರುತ್ತಾಳೆ, ಭಾನುವಾರದೊಳಗೆ ನಾಯಿ ಹೋಗಬೇಕು ಎಂದುಬಿಟ್ಟರು. ಎಲ್ಲಿಗೆ? ಮನೆ ಸಿಗದಿದ್ದರೆ ಮತ್ತದೇ ಬಸ್ ಸ್ಟ್ಯಾಂಡು, ಅದೇ ಚಕ್ರಗಳು.

"ಅಂಥದ್ದೇನು ಮಾಡ್ತು ಇದು?" ಎಂದೆ.

"ಅಡಿಗಿ ಮನಿಗೆ ಬಂತು ಅಂತ ನಮ್ಮವ್ವ ಹಚಾ ಅಂದ್ಲು. ಇನ್ನೂ ಒಳಗೆ ಬಂತು. ಜೋರಾಗಿ ಹಚಾ ಅಂದ್ಲು. ಹೋಗಿ ಕಾಲ ಮೇಲೆ ಮಲಿಕ್ಕಂತು. ಮೈಲಿಗಿ ಆತು ಅಂತ ಅವ್ವ ದಿನಕ್ಕೆ ಮೂರು ಸಲ ಸ್ನಾನ ಮಾಡಿದ್ಲ್ರಿ!"

ಅವರು ಹೋದ ಮೇಲೆ ಪರೀಕ್ಷಿಸಿದೆ. "ರಾಣಿ" ಎಂದೆ. ಕಿವಿಯೂ ಅಲ್ಲಾಡಲಿಲ್ಲ. (ಇಷ್ಟು ದಿನ ಬರುತ್ತಿದ್ದದ್ದು ತಟ್ಟೆಯ ಸದ್ದಿಗೆ. ನಾನಿಟ್ಟ ಹೆಸರಿಗೆಂದು ಬೀಗುತ್ತಿದ್ದೆ.) ಮೆಲ್ಲಗೆ "ಹಚಾ" ಎಂದೆ. ಕುಂಟುತ್ತ ಬಂದು ಮಂಡಿಗೆ ತಲೆ ಒತ್ತಿತು.

ಬೋಂಡಾ ಅಂಗಡಿಯವರು, ಕಂಡಕ್ಟರು, ಬಸ್ಸಿಗೆ ಕಾಯುವವರು, ಎಲ್ಲರೂ ಅದರ ಕಡೆ ತಿರುಗಿ ಆಡಿದ್ದು ಅದೊಂದೇ ಮಾತು. ಹಚಾ ಎನ್ನುತ್ತಲೇ ಮುರುಕು ಬೋಂಡಾ ಎಸೆದವರೂ ಇದ್ದಿರಬೇಕು. ತನ್ನ ಹೆಸರೇ ಅದೆಂದು ನಾಯಿ ತಿಳಿದರೆ ತಪ್ಪು ಯಾರದು?

ಅಂದಿನಿಂದ ನಾನು ಕೂತಲ್ಲಿ ಕೂರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಗೊತ್ತಿದ್ದವರಿಗೆಲ್ಲ ಫೋನ್. ಯಾವ ಬ್ರೀಡು? ಗಂಡಾ? ಚೆನ್ನಾಗಿ ಬೊಗಳ್ತದಾ? ತಮ್ಮ ಮನೆ ಅದಕ್ಕೆ ಹಿಡಿಸುತ್ತದೆಯೇ ಎಂದು ಒಬ್ಬರಾದರೂ ಕೇಳಬೇಕಲ್ಲ! ಬಳ್ಳಿಗಾವಿ ಕಡೆಯ ಕುರಿ ಸಾಕುವವರೊಬ್ಬರು ಮಾತ್ರ ಬಂದು ಕಾಲು ಮುಟ್ಟಿ ನೋಡಿ, "ಕುರಿ ಹಿಂದೆ ದಿನಾ ನಡೀಬೇಕ್ರಿ, ಪಾಪ, ಇದಕ್ಕೆ ಆಗಲ್ಲ" ಎಂದರು. ಬೇಡವೆಂದರೂ ಅವರ ಮೇಲೆ ನನಗೆ ಗೌರವವೇ ಬಂತು.

"ಮ್ಯಾರೇಜ್ ಬ್ಯೂರೋ ಅಂತ ಬೋರ್ಡ್ ಹಾಕ್ಬಿಡು" ಎಂದರು ನಮ್ಮ ಯಜಮಾನರು. ನಗಲು ನನಗೆ ಪುರುಸೊತ್ತಿರಲಿಲ್ಲ.

ಶನಿವಾರ ಆನವಟ್ಟಿಯಿಂದ ಟೈಲರಮ್ಮ ಒಬ್ಬರು ಬಂದರು. ಗಂಡ ಹೊಲಕ್ಕೆ ಹೋದರೆ ಸಂಜೆಯವರೆಗೆ ಅವರು, ಅವರ ಮಷಿನ್ನು ಇಬ್ಬರೇ. ಕುಂಟು ನಾಯಿಗೆ ಇದಕ್ಕಿಂತ ಒಳ್ಳೆಯ ಮನೆ ಉಂಟೇ? ಹಚಾ ವಿಷಯ ನುಂಗಿಬಿಡೋಣ ಎನ್ನಿಸಿತು. ನಾಳೆಯೇ ಭಾನುವಾರ! ಆದರೆ ಮುಚ್ಚಿಟ್ಟು ಕೊಟ್ಟರೆ ಮತ್ತೆ ಗೇಟಿಗೆ ಬರುವುದು ನಾಯಿಯೇ ತಾನೇ? ಹೇಳಿಬಿಟ್ಟೆ.

"ಎಂತ ಮಾರಾಯ್ರೆ, ಬೈದ್ರೆ ಬರ್ತದಾ?" ಎಂದು ನಕ್ಕ ಅವರು ತಾವೇ "ಹಚಾ" ಎಂದರು.

ಬಂತು. ಅವರ ನಗು ನಿಂತಿತು. ಬಹಳ ಹೊತ್ತು ಅದರ ಕಿವಿ ಸವರುತ್ತ ಕೂತರು. ಆಮೇಲೆ ಗೂಡ್ಸ್ ಆಟೋ ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು.

ಭಾನುವಾರ ಕಳೆಯಿತು. ಸೋಮವಾರವೂ ಕಳೆಯಿತು. ಮೂರನೆಯ ದಿನ ಟೈಲರಮ್ಮನ ಫೋನು.

"ಅಕ್ಕಾ, ಒಂದು ತೊಂದ್ರೆ ಆಗಿದೆ."

ಗೇಟಿನ ಕಡೆ ನೋಡುತ್ತಲೇ ಕೇಳಿದೆ, "ಏನಾಯ್ತು?"

"ಬೀದಿ ನಾಯಿ ಅಂಗಳಕ್ಕೆ ಬಂದ್ರೆ ಎಂತ ಹೇಳಿ ಓಡ್ಸದು? ಹಚಾ ಅಂದ್ರೆ ನಮ್ಮದು ನಿದ್ದೆಯಿಂದ ಎದ್ದು ಓಡಿ ಬರ್ತದೆ!"

ನಾಯಿ ಓಡಿಸಲು ಬೇರೆ ಮಾತು ನಿಮಗಾದರೂ ಗೊತ್ತೇ?